ಬಲಕ್ಕೆ ಎಳೆಯುವ ಗಾಡಿ

ಜೂನ್ 3

ಅಣ್ಣಾ,

ಕ್ರೇನಿನ ತುದಿಯಲ್ಲಿ ಕೂತು ಲೋಕವನ್ನೆಲ್ಲ ಇರುವೆ ಸಾಲಿನಂತೆ ನೋಡುವವನಿಗೆ ನೆಲದ ಮೇಲಿನ ತಂಗಿಯ ಕಾಗದ. ನಿನ್ನ ಆಣೆಕಟ್ಟಿನ ಕ್ಯಾಂಪಿಗೆ ಫೋನು ಬರುವಷ್ಟರಲ್ಲಿ ನನ್ನ ತಲೆ ಪೂರ್ತಿ ಬೆಳ್ಳಗಾಗಿರುತ್ತದೆ. ಅಲ್ಲಿಯವರೆಗೆ ಸಾಮಾನು ತರುವ ವ್ಯಾನಿನವನೇ ನಮಗೆ ಗತಿ.

ಸುದ್ದಿ ಹೇಳುತ್ತೇನೆ, ನಗಬೇಡ. ನಾನೊಂದು ಗಾಡಿ ಕಟ್ಟುತ್ತಿದ್ದೇನೆ. ಅಪ್ಪನದಿತ್ತಲ್ಲ, ಸೈಕಲ್ಲಿಗೇ ಪುಟ್ಟ ಎಂಜಿನ್ ಕೂರಿಸಿ ಓಡಿಸುತ್ತಿದ್ದದ್ದು, ಅಂಥದ್ದೇ. ಅಮ್ಮನ ಹಳೇ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡೋಣ ಅಂತ ಡ್ರಾಯರು ಬಿಚ್ಚಿದೆ. ತಳಕ್ಕೆ ಹಾಸಿದ್ದ ಪೇಪರಿನ ಅಡಿಯಲ್ಲಿ ಒಂದು ಫೋಟೋ ಸಿಕ್ಕಿತು. ಹಳೇ ಮನೆಯ ಮುಂದೆ ಅಪ್ಪ ಆ ಗಾಡಿ ಹಿಡಿದು ನಿಂತಿದ್ದಾರೆ. ನನಗೆ ಆಗ ಎರಡು ವರ್ಷ. ಆ ಮನೆಯೂ ನೆನಪಿಲ್ಲ, ಆ ಮುಖವೂ ನೆನಪಿಲ್ಲ.

ಪ್ರೀತಿ ಉಕ್ಕಿ ಕಟ್ಟುತ್ತಿದ್ದೇನೆ ಅಂದುಕೊಳ್ಳಬೇಡ. ಒಂದು ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಬಿಟ್ಟು ಗಾಡಿ ಹತ್ತಿ ಹೋದವರು ತಿರುಗಿ ನೋಡಲಿಲ್ಲ. ನಮಗಿಂತ ಹೆಚ್ಚಾದದ್ದು ಆ ಗಾಡಿಯಲ್ಲಿ ಏನಿತ್ತು ಅಂತ ಒಮ್ಮೆ ಅದರ ಮೇಲೆ ಕೂತು ನೋಡಬೇಕು. ಅಷ್ಟೇ.

ಕರಿ ಸೈಕಲ್ಲು ಒಂದು ಗುಜರಿಯಲ್ಲಿ ಸಿಕ್ಕಿತು. ಗಿಡಗಳಿಗೆ ಔಷಧಿ ಹೊಡೆಯುವ ಪಂಪಿನ ಎಂಜಿನ್ ಒಂದನ್ನು ಗಿರಾಕಿಯೊಬ್ಬರು ರಿಪೇರಿಗೆ ಅಂತ ಬಿಟ್ಟು ಮರೆತೇಬಿಟ್ಟಿದ್ದರು. ಹೊಲಿಗೆ ಮಿಷನ್ ರಿಪೇರಿ ಮಾಡುವವಳಿಗೆ ಇದೇನು ಮಹಾ! ಫೋಟೋ ಹಳೆಯದು, ಕೆಲವು ಕಡೆ ಮಾಸಿದೆ. ನೀನಾಗ ಎಂಟು ವರ್ಷದವನು, ಕ್ಯಾರಿಯರ್ ಮೇಲೆ ಕೂತವನು. ಟ್ಯಾಂಕು ಎಷ್ಟು ಉದ್ದವಿತ್ತು, ಎಂಜಿನ್ ಎಲ್ಲಿ ಕೂತಿತ್ತು, ಹ್ಯಾಂಡಲ್ ಎಷ್ಟು ಬಾಗಿತ್ತು, ಎಲ್ಲ ಬರಿ. ಕೆನ್ನೆಯ ಮಚ್ಚೆ ಕೆರೆದುಕೊಳ್ಳುತ್ತ ಯೋಚನೆ ಮಾಡುತ್ತ ಕೂರಬೇಡ.

ನಿನ್ನ ತಂಗಿ

ಜೂನ್ 16

ಸೂಜೀ,

ಕಾಗದ ಸಿಕ್ಕಿತು. ಹೆಸರಿಟ್ಟವನು ನಾನೇ ಆದರೂ ಇಷ್ಟು ಚುಚ್ಚಬೇಡ ಮಾರಾಯ್ತಿ.

ಅಪ್ಪನ ಗಾಡಿ ನನಗೆ ಸರಿಯಾಗಿ ನೆನಪಿಲ್ಲ. ಟ್ಯಾಂಕು ಹಿಂದಿತ್ತು, ಕ್ಯಾರಿಯರ್ ಕೆಳಗೆ. ಎಂಜಿನ್ ಮುಂದಿನ ಚಕ್ರದ ಮೇಲಿತ್ತು ಅನ್ನಿಸುತ್ತದೆ. ಒಟ್ಟಿನಲ್ಲಿ ಡಬ್ಬಾ ಗಾಡಿ. ನೋಡಿ ಕಲಿಯುವಂಥದ್ದು ಏನೂ ಇರಲಿಲ್ಲ.

ನಿನಗೆ ಓಡಾಡಲು ಗಾಡಿ ಬೇಕಿದ್ದರೆ ಹೇಳು, ಒಳ್ಳೆಯದೊಂದು ತೆಗೆಸಿಕೊಡುತ್ತೇನೆ. ಮನೆಯಲ್ಲಿ ಪೆಟ್ರೋಲು ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಅಮ್ಮನಿಗೆ ಕಣ್ಣು ಬೇರೆ ಕಾಣುವುದಿಲ್ಲ. ಇಲ್ಲಿ ಕಾಂಕ್ರೀಟು ಹಾಕುವ ಕೆಲಸ ಜೋರಾಗಿದೆ, ಹಾಗಾಗಿ ಚಿಕ್ಕ ಕಾಗದ. ಆ ಫೋಟೋ ಅಮ್ಮನ ಕೈಗೆ ಕೊಡಬೇಡ.

ಅಣ್ಣ

ಜುಲೈ 1

ಅಣ್ಣಾ,

ನಿನ್ನ ತಲೆ ಕೆಟ್ಟಿದೆ. ಫೋಟೋದಲ್ಲಿ ಟ್ಯಾಂಕು ಮೇಲಿನ ಕಂಬಿಗೇ ತೂಗುಬಿದ್ದಿದೆ, ಎಂಜಿನ್ ಅದರ ಕೆಳಗೇ ಇದೆ. ಅಷ್ಟು ಎತ್ತರದಲ್ಲಿ ಕೂತು ಕೂತು ನಿನಗೆ ಮರೆವು ಬಂದಿದೆ. ನೀನು ಹೇಳಿದ ಒಂದನ್ನೂ ನಾನು ಮಾಡಲಿಲ್ಲ. ಫೋಟೋದಲ್ಲಿ ಇದ್ದ ಹಾಗೇ ಕಟ್ಟಿದೆ.

ಅದರಲ್ಲೇ ನೋಡು ಮಜಾ. ಎಲ್ಲ ಸೈಕಲ್ಲಿಗೂ ಚೈನು ಬಲಗಡೆ. ಅಪ್ಪನ ಗಾಡಿಗೆ ಎಡಗಡೆ! ಎಂಜಿನ್ನಿನ ಬೆಲ್ಟು ಬಲಗಡೆ. ಯಾಕೆ ಹಾಗೆ ಮಾಡಿದರೋ, ಏನೋ ಲೆಕ್ಕಾಚಾರ ಇದ್ದಿರಬೇಕು. ನಾನೂ ಬಿಡಲಿಲ್ಲ. ಹಿಂದಿನ ಚಕ್ರ ತಿರುಗಿಸಿ ಹಾಕಿದೆ. ಫ್ರೀವೀಲು ಎಷ್ಟು ತುಳಿದರೂ ಸುಮ್ಮನೆ ಸುತ್ತಿತು. ಲೇತಿನವನ ಹತ್ತಿರ ಹೋಗಿ ಅದರೊಳಗಿನ ಹಲ್ಲು ಉಲ್ಟಾ ಕೊರೆಸಿದೆ, ಪೆಡಲಿನ ಥ್ರೆಡ್ಡೂ ಉಲ್ಟಾ. ಅವನು "ಅಕ್ಕಾ, ಇಷ್ಟು ಕಷ್ಟಪಟ್ಟು ಯಾರಾದ್ರೂ ತಪ್ಪು ಮಾಡ್ತಾರಾ?" ಅಂದ. ಬೆಲ್ಟಿಗೆ ಮೊದಲು ಹೊಲಿಗೆ ಮಿಷನ್ನಿನ ತೊಗಲು ಬೆಲ್ಟನ್ನೇ ಹಾಕಿದ್ದೆ, ಒಂದೇ ಎಳೆತಕ್ಕೆ ಪಟ್ ಅಂತು. ಈಗ ಹಿಟ್ಟಿನ ಗಿರಣಿಯ ಬೆಲ್ಟು.

ಇನ್ನೊಂದು ತಮಾಷೆ. ಫೋಟೋದಲ್ಲಿ ಅಪ್ಪನ ಅಂಗಿಯ ಗುಂಡಿ ಪಟ್ಟಿ ಹೆಂಗಸರ ಅಂಗಿಯ ಹಾಗೆ ಉಲ್ಟಾ ಇದೆ. ಅಮ್ಮ ಹೊಲಿಗೆ ಕಲಿಯುವಾಗ ಹೊಲಿದದ್ದು ಅಂತ ಕಾಣುತ್ತದೆ. ಪಾಪ, ಮರುಮಾತಾಡದೆ ಹಾಕಿಕೊಂಡಿದ್ದಾರೆ.

ನಿನ್ನೆ ಬೆಳಿಗ್ಗೆ ಎಂಜಿನ್ ಹತ್ತಿಕೊಂಡಿತು ಅಣ್ಣಾ. ನಡುಮನೆಯಲ್ಲೇ ಸ್ಟ್ಯಾಂಡಿಗೆ ಹಾಕಿ ತುಳಿದೆ. ಎರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮ ಸದ್ದು. ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ಅಮ್ಮ ಕೂಗಿದಳು, "ಬಂದ್ರಾ?"

ನಾನು ಎಂಜಿನ್ ಆರಿಸಿದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಗಾಡಿಯನ್ನು ತಡವಿ ನೋಡಿದಳು. ಹೊಗೆ ಕೊಳವೆ ಮುಟ್ಟಿ ಕೈ ಎಳೆದುಕೊಂಡಳು. "ನಾನು ಕಾಲಿಡ್ತಿದ್ದ ಕಡೆ ಬಿಸಿ ಇರ್ತಿರ್ಲಿಲ್ಲ," ಅಂದಳು. ವಯಸ್ಸಾಯಿತಲ್ಲ, ಮರೆತಿರುತ್ತಾಳೆ. ನಿನಗೇ ಮರೆತಿದೆ ಅಂದಮೇಲೆ.

ಸೂಜಿ

ಜುಲೈ 12

ಸೂಜೀ,

ಒಂದೇ ಪ್ರಶ್ನೆಗೆ ಉತ್ತರ ಬರಿ. ಗಾಡಿ ತಿರುವಿನಲ್ಲಿ ಒಂದು ಕಡೆಗೆ ಎಳೆಯುತ್ತದಾ? ಎಳೆದರೆ ಯಾವ ಕಡೆಗೆ?

ಉತ್ತರ ಬರುವವರೆಗೆ ಅದನ್ನು ಹೊರಗೆ ತೆಗೆಯಬೇಡ. ತಮಾಷೆ ಮಾಡುತ್ತಿಲ್ಲ. ಫೋಟೋವನ್ನು ಕವರಿನಲ್ಲಿಟ್ಟು ನನಗೆ ಕಳಿಸು. ಅಮ್ಮ ಇನ್ನೇನಾದರೂ ಹೇಳಿದಳಾ?

ಅಣ್ಣ

ಜುಲೈ 24

ಅಣ್ಣಾ,

ಫೋಟೋ ಜೊತೆಗಿದೆ. ಜೋಪಾನ, ಇರುವುದು ಒಂದೇ.

ಎಳೆಯುತ್ತದೆ! ನಿನಗೆ ಹೇಗೆ ಗೊತ್ತಾಯಿತು? ಬೆಲ್ಟು ಒಂದೇ ಕಡೆ ಇದ್ದರೆ ಹಾಗಾಗುತ್ತದೆ ಅಂತ ಲೇತಿನವನೂ ಹೇಳಿದ. ಬಲಕ್ಕೆ ಎಳೆಯುತ್ತದೆ. ಯಾವ ತಿರುವು ಬಂದರೂ ಬಲಕ್ಕೆ. ಚಕ್ರ ಬಿಗಿ ಮಾಡಿದೆ, ಸಡಿಲ ಮಾಡಿದೆ, ಹ್ಯಾಂಡಲ್ ಬಿಚ್ಚಿ ಕೂರಿಸಿದೆ, ಅದು ಮಾತ್ರ ತನ್ನ ಹಟ ಬಿಡಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕು ಅಂತ ಹೊರಟವಳು ಬಲಕ್ಕೆ ಬಲಕ್ಕೆ ತಿರುಗಿ ನಮ್ಮ ಮನೆ ಬಾಗಿಲಿಗೇ ಬಂದು ನಿಂತೆ. ಎದುರು ಮನೆಯವರು "ಏನಮ್ಮಾ, ಪ್ರದಕ್ಷಿಣೇನಾ?" ಅಂತ ನಕ್ಕರು.

ನಗು ಬರದ ಸಂಗತಿಯೂ ಇದೆ. ಸಂಜೆ ಗಾಡಿಯನ್ನು ಬೀದಿಗೆ ಮುಖ ಮಾಡಿ ಜಗುಲಿಯ ಮೇಲೆ ನಿಲ್ಲಿಸುತ್ತೇನೆ. ಬೆಳಿಗ್ಗೆ ನೋಡಿದರೆ ಮನೆಯೊಳಕ್ಕೆ ಮುಖ ಮಾಡಿ ನಿಂತಿರುತ್ತದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಎಂಜಿನ್ ಮುಟ್ಟಿದರೆ ಬೆಚ್ಚಗೆ, ಆಗಷ್ಟೇ ಬಂದು ನಿಂತ ಹಾಗೆ. ಪೆಟ್ರೋಲು ಕಡಿಮೆಯಾಗಬೇಕು ತಾನೇ? ಕಡ್ಡಿ ಅದ್ದಿ ನೋಡಿದೆ, ಏರಿದೆ. ನಾನು ಹಾಕುವುದು ಅಂಗಡಿಯ ಆಯಿಲ್ ಬೆರೆಸಿದ ಪೆಟ್ರೋಲು. ಟ್ಯಾಂಕು ಮೂಸಿದರೆ ಹರಳೆಣ್ಣೆ ಸುಟ್ಟ ವಾಸನೆ. ನಮ್ಮ ಮನೆಯಲ್ಲಿ ಹರಳೆಣ್ಣೆಯೇ ಇಲ್ಲ.

ಯಾರೋ ಕೀಟಲೆ ಮಾಡುತ್ತಿದ್ದಾರೆ ಅಂತ ಬೈದುಕೊಂಡೆ. ಆದರೆ ನಿಜ ಹೇಳುತ್ತೇನೆ, ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಕಿಟಕಿಯಿಂದ ಇಣುಕಿ ನೋಡುತ್ತೇನೆ. ಅಮ್ಮ ಮಾತ್ರ ಗೆಲುವಾಗಿದ್ದಾಳೆ. ಎರಡು ಹೊತ್ತೂ ಚೆನ್ನಾಗಿ ಊಟ ಮಾಡುತ್ತಾಳೆ, ತಲೆ ಬಾಚಿಸಿಕೊಳ್ಳುತ್ತಾಳೆ. ಒಂದು ಲೋಟ ನೀರು ಹೆಚ್ಚಿಗೆ ಇಡಿಸುತ್ತಾಳೆ. ಯಾರಿಗಮ್ಮಾ ಅಂದರೆ, "ಇರ್ಲಿ ಬಿಡು, ದೂರದಿಂದ ಬರೋರಿಗೆ ಬಾಯಾರಿರುತ್ತೆ," ಅನ್ನುತ್ತಾಳೆ.

ಸೂಜಿ

ಆಗಸ್ಟ್ 4

ಅಣ್ಣಾ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಇವತ್ತು ಬೆಳಿಗ್ಗೆ ಗಾಡಿಯ ಕ್ಯಾರಿಯರ್ ಕ್ಲಿಪ್ಪಿಗೆ ಒಂದು ಚಪ್ಪಲಿ ಸಿಕ್ಕಿಸಿತ್ತು. ಮಕ್ಕಳ ಚಪ್ಪಲಿ. ಕಂದು ತೊಗಲು, ಪಕ್ಕದಲ್ಲಿ ಹಿತ್ತಾಳೆ ಬಕಲು. ಕೆಂಪು ಧೂಳು ಹತ್ತಿದೆ, ಆದರೆ ಸವೆದಿಲ್ಲ. ಬಲಗಾಲಿನದು.

ಅಮ್ಮನ ಕೈಗೆ ಕೊಟ್ಟೆ. ಬಕಲಿನ ಮೇಲೆ ಬೆರಳಾಡಿಸಿದಳು. ಎದ್ದು ತನ್ನ ಟ್ರಂಕು ತೆಗೆಸಿ, ಎಲ್ಲ ಸೀರೆಗಳ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಚಪ್ಪಲಿ ತೆಗೆದಳು. ಅದೇ ಅಳತೆ, ಅದೇ ತೊಗಲು, ಅದೇ ಬಕಲು. ನಾನು ಎರಡನ್ನೂ ಜೋಡಿಸಿ ನೆಲದ ಮೇಲಿಟ್ಟೆ. ಜೋಡಿಯಾಗಲಿಲ್ಲ ಅಣ್ಣಾ. ಎರಡೂ ಬಲಗಾಲಿನವು.

ಅಮ್ಮ ಎರಡನ್ನೂ ತಡವಿದಳು. ಮುಖ ಸಣ್ಣಗಾಯಿತು. ಟ್ರಂಕಿನದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಳು. ಇದು ಯಾರ ಚಪ್ಪಲಿ? ನಿನಗೆ ಗೊತ್ತಿದೆ. ನೀನು ಮೊದಲ ಕಾಗದದಿಂದಲೇ ಏನೋ ಮುಚ್ಚಿಡುತ್ತಿದ್ದೀಯ. ಟ್ಯಾಂಕು ಹಿಂದಿತ್ತು ಅಂತ ಬರೆದೆಯಲ್ಲ, ಅದು ಮರೆವಲ್ಲ, ಸುಳ್ಳು. ಈಗಲಾದರೂ ಹೇಳು.

ಸೂಜಿ

ಆಗಸ್ಟ್ 6

ಸೂಜೀ,

ಫೋಟೋ ಇಟ್ಟಿದ್ದ ಕಾಗದ ಇವತ್ತಿನ ವ್ಯಾನಿನಲ್ಲಿ ಬಂತು. ವ್ಯಾನು ವಾಪಸು ಹೊರಡುವ ಮುಂಚೆ ಬರೆದು ಮುಗಿಸಬೇಕು.

ಅಪ್ಪನ ಗಾಡಿ ನನಗೆ ಮೊಳೆ ಮೊಳೆಯೂ ನೆನಪಿದೆ. ಪೆಟ್ರೋಲಿಗೆ ಅವರು ಬೆರೆಸುತ್ತಿದ್ದದ್ದು ಹರಳೆಣ್ಣೆ. ನೀನು ಅಂಥದ್ದನ್ನು ಕಟ್ಟಬಾರದು ಅಂತಲೇ ಸುಳ್ಳು ಬರೆದೆ. ಅದು ಎಲ್ಲ ತಿರುವಿನಲ್ಲೂ ಎಡಕ್ಕೆ ಎಳೆಯುತ್ತಿತ್ತು. "ಇದಕ್ಕೆ ಎಲ್ಲಿಗೋ ಹೋಗ್ಬೇಕು ಕಣೋ," ಅಂತ ಅಪ್ಪ ನಗುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರು. ಗಿರಣಿಯ ಉದ್ದನೆ ಗೋಡೆ ಇತ್ತು, ಅಲ್ಲಿ ಎಡಕ್ಕೆ ರಸ್ತೆಯೇ ಇರಲಿಲ್ಲ. ಗಾಡಿ ಎಡಕ್ಕೆ ತಿರುಗಿತು. ರಸ್ತೆ ಇತ್ತು.

ಕೆಂಪು ಮಣ್ಣಿನ ರಸ್ತೆ. ಎರಡು ಕಡೆಯೂ ಮನೆಗಳು, ಎಲ್ಲ ಬಾಗಿಲೂ ತೆರೆದಿವೆ, ಒಬ್ಬರೂ ಇಲ್ಲ. ಗಾಳಿಯಿಲ್ಲದೆ ತಂತಿಯ ಮೇಲಿನ ಬಟ್ಟೆಗಳು ಅಲುಗುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು. ನಮ್ಮ ಎಂಜಿನ್ನಿನ ಸದ್ದು ನಮ್ಮ ಕೆಳಗಿಂದ ಬರುತ್ತಿರಲಿಲ್ಲ, ಎದುರಿನಿಂದ ಬರುತ್ತಿತ್ತು. ನಮ್ಮದೇ ಗಾಡಿ ಇನ್ನೊಂದು ನಮ್ಮ ಕಡೆಗೇ ಬರುತ್ತಿರುವ ಹಾಗೆ. ಅಪ್ಪ "ಕಾಲು ಕೆಳಗೆ ಬಿಡ್ಬೇಡ" ಅಂದು ಗಾಡಿ ತಿರುಗಿಸಿದರು. ಆ ರಭಸದಲ್ಲಿ ನನ್ನ ಎಡಗಾಲಿನ ಚಪ್ಪಲಿ ಬಿದ್ದುಹೋಯಿತು. ಹೊಸದು, ಹಿತ್ತಾಳೆ ಬಕಲಿನದು.

ನಾನು ಅಳಲಿಲ್ಲ, ಕೇಳಲೂ ಇಲ್ಲ. ಮರುದಿನ ಬೆಳಿಗ್ಗೆ ಒಂದೇ ಚಪ್ಪಲಿ ಹಿಡಿದು ಕೂತಿದ್ದೆ. ಅಪ್ಪ ನೋಡಿ, "ತಂದ್ಬಿಡ್ತೀನಿ ಇರು, ಈಗ ಬಂದೆ," ಅಂದು ಹೋದರು. ಅಷ್ಟೇ. ಗಿರಣಿಯ ಗೋಡೆಯನ್ನು ಎಷ್ಟೋ ದಿನ ಕೈಯಿಂದ ಮುಟ್ಟಿ ಮುಟ್ಟಿ ನೋಡಿದೆ, ಎಲ್ಲೂ ಸಂದಿಲ್ಲ. ಅಮ್ಮನಿಗೆ ಹೇಳಿದೆ. ಅವಳು ನನ್ನ ಕೈಯಲ್ಲಿದ್ದ ಚಪ್ಪಲಿ ತೆಗೆದುಕೊಂಡು ಒಳಗಿಟ್ಟಳು, ಆಮೇಲೆ ಆ ಮಾತು ಎತ್ತಲಿಲ್ಲ. ನಿನಗೂ ಹೇಳಲಿಲ್ಲ. ಬಿಟ್ಟುಹೋದ ಅಪ್ಪನ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದು. ಇದನ್ನು ಇಟ್ಟುಕೊಂಡು ನೀನು ಏನು ಮಾಡುತ್ತಿದ್ದೆ? ಅವರು ನಮ್ಮನ್ನು ಬಿಟ್ಟುಹೋಗಲಿಲ್ಲ ಸೂಜೀ. ನನ್ನ ಚಪ್ಪಲಿ ತರಲು ಹೋದರು.

ಈಗ ಫೋಟೋದ ವಿಷಯ. ಅದು ಉಲ್ಟಾ ಇದೆ. ಸ್ಟುಡಿಯೋದವರು ಫಿಲ್ಮನ್ನು ತಿರುಗಿಸಿಟ್ಟು ಪ್ರಿಂಟು ಹಾಕಿದ್ದಾರೆ. ನಮ್ಮ ನಲ್ಲಿ ಬಾಗಿಲ ಎಡಕ್ಕಿತ್ತು, ಇಲ್ಲಿ ಬಲಕ್ಕಿದೆ. ಅಪ್ಪ ಗಡಿಯಾರ ಕಟ್ಟುತ್ತಿದ್ದದ್ದು ಎಡಗೈಗೆ. ಹುಬ್ಬಿನ ಮೇಲಿನ ಗಾಯದ ಗುರುತೂ ಎಡಕ್ಕೆ. ಅಂಗಿಯ ಪಟ್ಟಿ ಅಮ್ಮ ತಪ್ಪು ಹೊಲಿದದ್ದಲ್ಲ. ಅಪ್ಪನ ಗಾಡಿಗೂ ಚೈನು ಬಲಗಡೆಯೇ ಇತ್ತು. ನೀನು ಕಷ್ಟಪಟ್ಟು ಕನ್ನಡಿಯೊಳಗಿನ ಗಾಡಿ ಕಟ್ಟಿದ್ದೀಯ. ಅಪ್ಪನದು ಇಲ್ಲಿಂದ ಅಲ್ಲಿಗೆ ಹೋಗುವ ಗಾಡಿ. ನಿನ್ನದು ಅಲ್ಲಿಂದ ಇಲ್ಲಿಗೆ ಬರುವುದು. ಯಾರನ್ನು ತರುತ್ತದೋ ನನಗೆ ಗೊತ್ತಿಲ್ಲ.

ಎಂಜಿನ್ನಿನ ಪ್ಲಗ್ಗು ಬಿಚ್ಚಿ ನಿನ್ನ ಹತ್ತಿರ ಇಟ್ಟುಕೊ, ಅದಿಲ್ಲದೆ ಹತ್ತುವುದಿಲ್ಲ. ನನಗೆ ಭಯವಾಗುತ್ತಿದೆ.

ಅಣ್ಣ

ಆಗಸ್ಟ್ 19

ಅಣ್ಣಾ,

ನಿನ್ನ ಕಾಗದ ಮೂರು ಸಲ ಓದಿ ಅತ್ತೆ. ಇಷ್ಟು ವರ್ಷ ಆ ಮನುಷ್ಯನನ್ನು ಬೈದುಕೊಂಡೇ ಬೆಳೆದೆನಲ್ಲ. ಅತ್ತು ಮುಗಿಸಿ, ಎದ್ದು ಪ್ಲಗ್ಗು ಬಿಚ್ಚಿದೆ. ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡೆ.

ಮೊನ್ನೆ ಮಧ್ಯಾಹ್ನ ಒಂದು ಮಿಷನ್ನಿನ ಶಟಲ್ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ಸೈಕಲ್ ಬೆಲ್ಲು ಆಯಿತು. ಜಗುಲಿಯ ಮೇಲಿದ್ದ ಗಾಡಿ ಬೀದಿಯಲ್ಲಿತ್ತು. ಅದನ್ನು ಹಿಡಿದುಕೊಂಡು ಅವರು ನಿಂತಿದ್ದರು.

ಫೋಟೋದಲ್ಲಿದ್ದ ಹಾಗೇ ಇದ್ದರು ಅಣ್ಣಾ, ಫೋಟೋದಲ್ಲಿದ್ದ ಹಾಗೇ. ಅಂಗಿಯ ಪಟ್ಟಿ ಉಲ್ಟಾ, ಗಡಿಯಾರ ಬಲಗೈಯಲ್ಲಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒಳಗೆ ಬಂದು ಗೋಡೆ ಗಡಿಯಾರ ನೋಡಿ, "ಒಂಬತ್ತಾಗೋಯ್ತಾ, ಲೇಟಾಯ್ತು," ಅಂದರು. ಆಗ ಮೂರು ಗಂಟೆ. ನಾನು ಬಾಗಿಲಿಗೆ ಅಡ್ಡ ನಿಲ್ಲಬೇಕಿತ್ತು, ದಾರಿ ಬಿಟ್ಟುಬಿಟ್ಟಿದ್ದೆ.

"ಬಂದ್ರಾ?" ಅಂತ ಅಮ್ಮ ಎದ್ದು ಬಂದಳು. ಎರಡು ಕೈಯಲ್ಲಿ ಅವರ ಮುಖ ಹಿಡಿದುಕೊಂಡಳು. ಹೆಬ್ಬೆರಳು ನೆಟ್ಟಗೆ ಎಡಹುಬ್ಬಿಗೆ ಹೋಯಿತು. ಅಲ್ಲಿ ಹುಡುಕಿತು, ಮತ್ತೆ ಹುಡುಕಿತು. ಆಮೇಲೆ ಇನ್ನೊಂದು ಹುಬ್ಬಿಗೆ ಹೋಗಿ ನಿಂತಿತು. ಅಮ್ಮ ಕೈ ತೆಗೆದಳು. ಆದರೂ "ಕೂತ್ಕೊಳ್ಳಿ, ನೀರು ಕುಡೀರಿ," ಅಂದಳು. ಅವರು ಎಡಗೈಯಲ್ಲಿ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದರು.

ಅವರು ಚಪ್ಪಲಿ ಕೇಳಿದರು. ಎರಡನ್ನೂ ಮುಂದಿಟ್ಟೆ. ತಾವು ತಂದದ್ದನ್ನು ಮಾತ್ರ ತೆಗೆದುಕೊಂಡು ಧೂಳು ಒರೆಸಿದರು. "ಹುಡುಗ ಎಲ್ಲಿ? ಒಂದೇ ಚಪ್ಪಲೀಲಿ ಎಷ್ಟು ಹೊತ್ತು ಕೂತಿರ್ತಾನೆ?" ಸುಳ್ಳು ಆ ದನಿಯಲ್ಲಿ ಇರಲಿಲ್ಲ. ನೀನಿರುವ ಜಾಗ ಹೇಳಿಬಿಟ್ಟೆ. ಬೈಯುವುದಾದರೆ ಬೈ.

ಅವರು ಹೊರಟರು. ತುಳಿದುಕೊಂಡೇ ಹೋದರು, ಪ್ಲಗ್ಗು ನನ್ನ ಸೆರಗಿನಲ್ಲಿತ್ತು. ತಿರುವು ದಾಟಿದ ಮೇಲೆ ಎಂಜಿನ್ ಸದ್ದು ಕೇಳಿಸಿತು. ಅಮ್ಮ ಬಾಗಿಲಲ್ಲೇ ನಿಂತು ಆ ಸದ್ದು ಮುಗಿಯುವವರೆಗೂ ಕೇಳಿಸಿಕೊಂಡಳು. "ಇವರು ಅವರಲ್ಲ ಕಣೇ," ಅಂದಳು. "ಅವರಿಗೆ ಬರೋಕಾಗಿಲ್ಲ. ಇವರನ್ನ ಕಳಿಸಿದಾರೆ."

ಈ ಕಾಗದ ನಿನಗೆ ಮೊದಲು ಸಿಗುತ್ತದೋ ಅವರು ಮೊದಲು ಸಿಗುತ್ತಾರೋ. ಕ್ಯಾರಿಯರ್ ಮೇಲೆ ಕೂರು ಅಂದರೆ ಕೂರಬೇಡ ಅಣ್ಣಾ. ನನಗಿರುವುದು ನೀನೊಬ್ಬ.

ಸೂಜಿ

ಆಗಸ್ಟ್ 27

ಸೂಜೀ,

ನಿನ್ನ ಕಾಗದವೂ ಅವರೂ ಒಂದೇ ದಿನ ಬಂದರು. ವ್ಯಾನಿನವನು "ದಾರೀಲಿ ಯಾರೋ ಸೈಕಲ್ಲಲ್ಲಿ ನನ್ನನ್ನೇ ಹಿಂದೆ ಹಾಕ್ಬಿಟ್ರು ಸಾರ್" ಅಂದ. ಕ್ರೇನಿನಿಂದ ಇಳಿದು ಬಂದರೆ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದರು.

ನನ್ನ ನರೆತ ತಲೆ ಅವರಿಗೆ ಕಾಣಲೇ ಇಲ್ಲ ಅನ್ನಿಸುತ್ತದೆ. "ಬಾ, ಕಾಲು ಕೊಡು," ಅಂದರು. ನನ್ನ ಬೂಟು ಬಿಚ್ಚಿ, ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಬಲಗಾಲಿನ ಆ ಪುಟ್ಟ ಚಪ್ಪಲಿಯನ್ನು ನನ್ನ ಎರಡು ಬೆರಳಿಗೆ ತೊಡಿಸಿದರು. "ಸರಿಯಾಯ್ತಾ?" ಅಂತ ಕೇಳಿದರು. ಸರಿಯಾಯ್ತು ಅಂದೆ. ಬೇರೆ ಏನು ಹೇಳಲಿ? ಅಂಗಿಯಿಂದ ಹರಳೆಣ್ಣೆ ವಾಸನೆ ಬರುತ್ತಿತ್ತು.

ನಿನ್ನ ಮಾತು ಓದಿದ್ದೇನೆ. ಆದರೆ ನೋಡು, ಇವರು ಇಲ್ಲಿಗೆ ಬಂದಿದ್ದಾರೆ ಅಂದರೆ ಅಪ್ಪ ಇನ್ನೂ ಅಲ್ಲೇ ಇದ್ದಾರೆ. ಬಾಗಿಲು ತೆರೆದ ಆ ಮನೆಗಳ ನಡುವೆ, ಗಾಳಿಯಿಲ್ಲದ ಆ ರಸ್ತೆಯಲ್ಲಿ. ನನ್ನ ಚಪ್ಪಲಿಗೆ ಅಂತ ಹೋದವರು. ದಾರಿ ಗೊತ್ತಿರುವುದು ಈ ಗಾಡಿಗೆ ಮಾತ್ರ. ಈಗ ಇವರು ಗಾಡಿಯ ಮೇಲೆ ಕೂತು ಕಾಯುತ್ತಿದ್ದಾರೆ. ಒಂದು ಕಾಲು ನೆಲದ ಮೇಲಿದೆ. ಮುಂದಿನ ಚಕ್ರ ನೀರಿನ ಕಡೆಗಿನ ಕಾಂಕ್ರೀಟು ಗೋಡೆಗೆ ಮುಖ ಮಾಡಿದೆ. ಅಲ್ಲಿ ರಸ್ತೆಯಿಲ್ಲ, ಆ ಗೋಡೆ ಕಟ್ಟಿದವರಲ್ಲಿ ನಾನೂ ಒಬ್ಬ.

ಕಾಲು ಮೇಲಕ್ಕೆತ್ತಿಕೊಂಡೇ ಕೂರುತ್ತೇನೆ, ಹೆದರಬೇಡ. ವ್ಯಾನಿನವನ ಕೈಗೆ ಈ ಕಾಗದ ಕೊಟ್ಟು ಹೊರಡುತ್ತೇನೆ. ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಬಾಗಿಲು ತಟ್ಟಿದಾಗ ದನಿ ನನ್ನದೇ ಇದ್ದರೂ ಅವಸರಪಟ್ಟು ಚಿಲಕ ತೆಗೆಯಬೇಡ. ಮೊದಲು ಕಿಟಕಿಯಿಂದ ಅಮ್ಮನ ಕೈ ಹೊರಗೆ ಚಾಚಿಸು, ನನ್ನ ಮುಖ ಮುಟ್ಟಲಿ.

ನನ್ನ ಮಚ್ಚೆ ಎಡಗೆನ್ನೆಯ ಮೇಲಿದೆ. ಎಡಗೆನ್ನೆ.

ಅಣ್ಣ